ಮೈಕಿನ ಮುಂದೆ ಸೈ, ಮಷೀನಿನ ಹಿಂದೆ ಯಾಕೆ ಬೇಡ?

ಹೆಣ್ಣುಮಗಳ ದನಿ ಬೇಕು, ಕೈ ಬೇಡ. ಹಾಡು ಮುದ್ರಿಸುವ ಉದ್ಯಮದ ಅಲಿಖಿತ ಕಾನೂನು ಇದು. 1902ರಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಹಾಡನ್ನು ಮುದ್ರಿಸಿದ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ತಟ್ಟೆಗಳಿಗೆ ಹಾಡಿದರು. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಕಂಪ್ಯೂಟರ್ ಬಂತು. ಗುಂಡಿ ತಿರುಗಿಸುವವನು ಮಾತ್ರ ಬಹುಮಟ್ಟಿಗೆ ಗಂಡಸೇ ಉಳಿದ.

ಹೈದರಾಬಾದಿನ ಸಾಜಿದಾ ಖಾನ್ ಅವರನ್ನು ದೇಶದ ಮೊದಲ ಮಹಿಳಾ ಆಡಿಯೋ ಇಂಜಿನಿಯರ್ ಎಂದು ರಾಷ್ಟ್ರಪತಿಗಳು ಗೌರವಿಸಿದ್ದು 2018ರಲ್ಲಿ. ಗೌಹರ್ ಜಾನ್ ಹಾಡಿ ಶತಮಾನ ದಾಟಿದ ಮೇಲೆ! ಅಮೆರಿಕದವರೂ ಬೀಗುವಂತಿಲ್ಲ. ಅಲ್ಲಿ ಟ್ರಿನಾ ಶೂಮೇಕರ್ ಈ ಕೆಲಸಕ್ಕೆ ಗ್ರ್ಯಾಮಿ ಗೆದ್ದ ಮೊದಲ ಮಹಿಳೆ ಎನಿಸಿಕೊಂಡದ್ದು 1999ರಲ್ಲಿ.

ತಂಬೂರಿಗೆ ಮೈಕು ಎಷ್ಟು ದೂರ ಇಡಬೇಕು, ತಬಲಾದ ಡಗ್ಗಾ ಗಾಯಕಿಯ ದನಿಯನ್ನು ನುಂಗದಂತೆ ಹೇಗೆ ತಡೆಯಬೇಕು, ಎಲ್ಲಿ ಉಸಿರು ಕೇಳಬೇಕು, ಎಲ್ಲಿ ಕೇಳಬಾರದು. ಇದಿಷ್ಟು ಕಸಬು. ಕಿವಿ ಬೇಕು, ತಾಳ್ಮೆ ಬೇಕು. ಇದರಾಗ ಮೀಸೆ ಎಲ್ಲಿ ಬಂತ್ರೀ?

ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಬೀಸುವ ಪದ, ಸೋಬಾನೆ ಪದ ಬಲ್ಲ ಮುದುಕಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಪರವೂರಿನ ಗಂಡಸು ಮೈಕು ಹಿಡಿದು ಬಂದರೆ "ನಮಗೇನ್ ಬರತೈತಿ ಯಪ್ಪಾ" ಎಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುವವರೇ ಹೆಚ್ಚು. ಅದೇ ಅಡುಗೆಮನೆಯಲ್ಲಿ ಮಗ್ಗುಲಿಗೆ ಕೂತು ಹಾಡಿಸುವ ಹುಡುಗಿಯ ಕಿವಿಗೆ ಹೆಡ್‌ಫೋನ್ ಇದ್ದರೆ? ಕೆಲಸ ಅವಸರದ್ದು. ಮುದುಕಿಯರು ಕಾಯುವುದಿಲ್ಲ.

ಆದರೆ ಆ ಹುಡುಗಿ ಕಲಿಯುವುದೆಲ್ಲಿ? ಧ್ವನಿಗ್ರಹಣದ ಡಿಪ್ಲೊಮಾ ಕೊಡುವ ಸರ್ಕಾರಿ ಸಂಸ್ಥೆ ಸುಮಾರು 500 ಕಿ.ಮೀ. ದೂರ, ಬೆಂಗಳೂರಿನ ಹೆಸರಘಟ್ಟದಲ್ಲಿದೆ. ಇತ್ತ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕೂತಿರುವುದು ಬೆಳಗಾವಿಯ ಮಚ್ಛೆಯಲ್ಲಿ. ಖಾನಾಪುರದ ಬಸ್ಸು ಮಚ್ಛೆಯ ಮೇಲೆಯೇ ಹಾಯುತ್ತದೆ. 2023ರ 'ಶಕ್ತಿ' ಯೋಜನೆಯಿಂದ ಟಿಕೆಟಿನ ಚಿಂತೆಯೂ ತಪ್ಪಿದೆ. ಉಳಿದದ್ದು ರಾತ್ರಿಯ ಚಿಂತೆ. ಸ್ಟುಡಿಯೋ ಕೆಲಸ ಹೊತ್ತು ನೋಡುವುದಿಲ್ಲ, ಮನೆಯವರು ನೋಡುತ್ತಾರೆ. ಅವರ ಅಂಜಿಕೆ ಸುಳ್ಳೇನಲ್ಲ.

ಹಾಗಾದರೆ ಹಗಲಲ್ಲೇ ನಡೆಯುವ ಆರು ತಿಂಗಳ ತರಗತಿಯೊಂದನ್ನು ತಾಂತ್ರಿಕ ವಿಶ್ವವಿದ್ಯಾಲಯ ಏಕೆ ತೆರೆಯಬಾರದು? ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಗರದ ಕುಮಾರ ಗಂಧರ್ವ ರಂಗಮಂದಿರದಲ್ಲಿ ಒಂದು ಕೋಣೆ, ನಾಲ್ಕು ಮೈಕು ಕೊಡಲಿ. ಮೊದಲ ತಂಡದ ಹುಡುಗಿಯರಿಗೆ ಪರೀಕ್ಷೆಯ ಬದಲು ಖಾನಾಪುರದ ಒಂದೊಂದು ಹಳ್ಳಿ ವಹಿಸಿಕೊಡಲಿ.