ಇಸಿಜಿ ನಾರ್ಮಲ್ ಬಂದರೆ ಹೃದಯ ಸರಿಯಿದೆ ಎಂದರ್ಥವೇ?

“ಎದೆ ಹಿಡಿದ ಹಾಗಾಯಿತು, ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ಗ್ಯಾಸ್ ಇರಬೇಕು.” ಈ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಆದರೆ ಇಸಿಜಿ ಪಟ್ಟಿಯಲ್ಲಿರುವುದು ಹೃದಯದ ಸುಮಾರು 10 ಸೆಕೆಂಡುಗಳ ವಿದ್ಯುತ್ ದಾಖಲೆ ಮಾತ್ರ. ಹೃದಯಾಘಾತದ ಆರಂಭದಲ್ಲಿ ತೆಗೆದ ಮೊದಲ ಪಟ್ಟಿ ಸಹಜವಾಗಿಯೇ ಕಾಣಬಹುದು. ನೋವು ಮುಂದುವರಿದರೆ 15ರಿಂದ 30 ನಿಮಿಷಗಳ ಅಂತರದಲ್ಲಿ ಮತ್ತೆ ತೆಗೆಯುವುದು, ಟ್ರೊಪೊನಿನ್ ರಕ್ತಪರೀಕ್ಷೆ ಮಾಡುವುದು ಇದೇ ಕಾರಣಕ್ಕೆ.

ಪಟ್ಟಿ ಓದುವುದರಲ್ಲಿ ಸುಲಭದ ಭಾಗವೂ ಇದೆ. ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿ.ಮೀ. ವೇಗದಲ್ಲಿ ಓಡುತ್ತದೆ. ಸಣ್ಣ ಚೌಕ ಎಂದರೆ 0.04 ಸೆಕೆಂಡು, ದೊಡ್ಡ ಚೌಕ 0.2 ಸೆಕೆಂಡು. ಎರಡು ಎತ್ತರದ ಮೊನೆಗಳ ನಡುವೆ ನಾಲ್ಕು ದೊಡ್ಡ ಚೌಕಗಳಿದ್ದರೆ 300ನ್ನು 4ರಿಂದ ಭಾಗಿಸಿ: ನಿಮಿಷಕ್ಕೆ 75 ಬಡಿತ. ಕಷ್ಟ ಶುರುವಾಗುವುದು ಆಮೇಲೆ. ಮೊನೆಗಳ ಅಂತರ ಲೆಕ್ಕಕ್ಕೇ ಸಿಗದಂತೆ ಏರುಪೇರಾಗಿ, ಮೊನೆಗೆ ಮುಂಚಿನ ಪುಟ್ಟ ‘ಪಿ’ ಅಲೆಯೂ ಕಾಣೆಯಾಗಿದ್ದರೆ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷವನ್ನು ಶಂಕಿಸುತ್ತಾರೆ. ಅದು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಆದರೆ ರೋಗಿ ಚಳಿಗೆ ನಡುಗಿದರೂ ಗೆರೆ ಕದಡಿ ಹಾಗೆಯೇ ಕಾಣಬಹುದು. ಎಡಗೈ-ಬಲಗೈ ವೈರುಗಳು ಅದಲುಬದಲಾದರೆ ಕೆಲವು ಅಲೆಗಳು ತಲೆಕೆಳಗಾಗುತ್ತವೆ. ಪಟ್ಟಿಯ ಮೇಲ್ಭಾಗದಲ್ಲಿ ಯಂತ್ರ ತಾನೇ ಮುದ್ರಿಸುವ ವಾಕ್ಯ ಇಂಥ ಕಡೆ ಎಡವುತ್ತದೆ. ಅದು ತೀರ್ಪಲ್ಲ, ಸೂಚನೆಯಷ್ಟೇ.

ಹಾಗಾದರೆ ಹಳ್ಳಿಯಲ್ಲಿ ಇದನ್ನು ಓದುವವರು ಯಾರು? ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ., ಮೂಡುಬಿದಿರೆಯಿಂದ 35, ಬಂಟ್ವಾಳದಿಂದ 25. ರಕ್ತನಾಳ ಪೂರ್ತಿ ಮುಚ್ಚಿಕೊಂಡಾಗ ಹೃದಯದ ಸ್ನಾಯು ದಾರಿಯುದ್ದಕ್ಕೂ ಸಾಯುತ್ತಲೇ ಇರುತ್ತದೆ. ರೋಗಿಗಿಂತ ಮೊದಲು ಪಟ್ಟಿ ತಜ್ಞರನ್ನು ತಲುಪಲಿ ಎಂಬ ಯೋಚನೆಯಿಂದ ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಆರಂಭಿಸಿದರು. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡುವುದು, ಅಲ್ಲಿನ ವೈದ್ಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಟ್ಟಿಯನ್ನು ತಜ್ಞರು ಓದಿ ಹೇಳುವುದು, ಇಷ್ಟೇ ಅದರ ತಂತ್ರ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ದಾರಿಯೂ ಇದೇ. ಅದರಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ.

ಸಂವಹನ ಓದಿದ ನನ್ನ ಗಮನ ಇಲ್ಲಿ ಯಂತ್ರಕ್ಕಿಂತ ಫೋಟೊದ ಕಡೆಗೇ ಹೋಗುತ್ತದೆ. ಅಂಚು ಕತ್ತರಿಸಿಹೋದ, ಮಸುಕಾದ ಚಿತ್ರದಿಂದ ಎಂಥ ತಜ್ಞರಿಗೂ ಉಪಯೋಗವಿಲ್ಲ. 12 ಲೀಡುಗಳೂ ಕಾಣಬೇಕು, ನೋವು ಶುರುವಾದ ಹೊತ್ತನ್ನೂ ಬರೆದಿರಬೇಕು. ಹಳೆಯ ಇಸಿಜಿ ಇದ್ದರೆ ಅದನ್ನೂ ಜೊತೆಗೆ ಕಳಿಸಿ. ಕೆಲವರ ಪಟ್ಟಿಯಲ್ಲಿ ವರ್ಷಗಳಿಂದ ಇರುವ ವ್ಯತ್ಯಾಸ ಹೊಸ ಆಘಾತದಂತೆಯೇ ಕಾಣುತ್ತದೆ, ಹೋಲಿಸಿ ನೋಡದೆ ಗೊತ್ತಾಗುವುದಿಲ್ಲ. ಅಂದಹಾಗೆ, ಇಸಿಜಿಯ ಥರ್ಮಲ್ ಕಾಗದ ಕಾಲಕ್ರಮೇಣ ಮಾಸಿಹೋಗುತ್ತದೆ. ಮಾಡಿಸಿದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.