ಗಾಡಿಗಳು ಮಾತಾಡಿಕೊಂಡರೆ ಬ್ಲಾಕ್ ಕರಗೀತೇ?

ತಲಪಾಡಿಯಿಂದ ಕಾಸರಗೋಡಿನ ಕಡೆಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ಈಗ ಷಟ್ಪಥ. ರಸ್ತೆ ಅಗಲವಾದರೆ ಬ್ಲಾಕ್ ಇರುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಆ ನಂಬಿಕೆ ಅರ್ಧ ಮಾತ್ರ ಸರಿ.

ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 230 ಮೀಟರ್ ಸುತ್ತಳತೆಯ ವೃತ್ತಾಕಾರದ ದಾರಿಯಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಸಿಗ್ನಲ್ ಇಲ್ಲ, ಹೊಂಡ ಇಲ್ಲ, ಅಡ್ಡರಸ್ತೆ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಜಾಮ್! ಒಬ್ಬ ತುಸು ಬ್ರೇಕ್ ಒತ್ತಿದರೆ ಹಿಂದಿನವ ಇನ್ನೂ ಸ್ವಲ್ಪ ಜೋರಾಗಿ ಒತ್ತುತ್ತಾನೆ. ಹೀಗೆ ಹಿಂದೆ ಹಿಂದೆ ಹೋಗಿ ಕೊನೆಗೆ ಯಾರೋ ಪೂರ್ತಿ ನಿಲ್ಲಬೇಕಾಗುತ್ತದೆ. ಅಸೆಂಬ್ಲಿ ಮುಗಿಸಿ ಸಾಲಾಗಿ ತರಗತಿಗೆ ಹೋಗುವ ಮಕ್ಕಳಲ್ಲಿ ಇದನ್ನು ನಾವು ದಿನಾ ಕಾಣುತ್ತೇವೆ. ಮುಂದಿನವನು ನಿಧಾನಿಸಿದರೆ ಬಾಲದಲ್ಲಿ ನೂಕುನುಗ್ಗಲು.

ಇದಕ್ಕೆ ಮದ್ದೂ ಇದೆ. ಅಮೆರಿಕದ ಅರಿಜೋನಾದಲ್ಲಿ ಇಂಥದೇ ವೃತ್ತದಲ್ಲಿ ಒಂದೇ ಒಂದು ಸ್ವಯಂಚಾಲಿತ ಕಾರು ಸೇರಿಸಿದರು. ಅದು ಮುಂದೆ ಅಂತರ ಬಿಟ್ಟು ಸಮವೇಗದಲ್ಲಿ ಸಾಗಿದಾಗ ಇಪ್ಪತ್ತರಷ್ಟಿದ್ದ ಉಳಿದ ಗಾಡಿಗಳ ನಿಲ್ಲು-ಓಡು ಆಟ ನಿಂತಿತು. ಇಂಧನದ ಖರ್ಚು ಶೇಕಡ 40ರವರೆಗೂ ಇಳಿಯಿತು. 2022ರ ನವೆಂಬರಿನಲ್ಲಿ ನ್ಯಾಶ್‌ವಿಲ್ ನಗರದ ಹೆದ್ದಾರಿಯಲ್ಲಿ 100 ಕಾರುಗಳೊಂದಿಗೆ ನಿಜವಾದ ಸಂಚಾರದ ನಡುವೆಯೇ ಇದರ ಪರೀಕ್ಷೆ ನಡೆಯಿತು.

ಆದರೆ ಯಂತ್ರವಿದ್ದರೆ ಸಾಲದು. ಈಗಿನ ಕೆಲವು ಕಾರುಗಳಲ್ಲಿ ಮುಂದಿನ ಗಾಡಿಯನ್ನು ನೋಡಿ ತಾನೇ ವೇಗ ಬದಲಿಸುವ ವ್ಯವಸ್ಥೆ ಇದೆ. ಅದಕ್ಕೆ ಕಾಣುವುದು ಎದುರಿನ ಗಾಡಿ ಮಾತ್ರ. ಹಾಗಾಗಿ ಕೆಲವೊಮ್ಮೆ ಅದು ಜಾಮಿನ ಅಲೆಯನ್ನು ಹೆಚ್ಚಿಸುವುದೂ ಉಂಟು. ಒಂದು ಕಿಲೋಮೀಟರ್ ಮುಂದಿನ ಸುದ್ದಿ ಹಿಂದಿನ ಗಾಡಿಗೆ ಮೊದಲೇ ತಲುಪಿದರೆ ಅಲೆಯನ್ನು ತಗ್ಗಿಸುವುದು ಸುಲಭ. ಅದನ್ನೇ ಹೊಂದಾಣಿಕೆ ಎನ್ನುವುದು.

"ಆಟೋ, ಬೈಕು, ದನ ಎಲ್ಲ ಒಟ್ಟಿಗೆ ಓಡಾಡುವ ನಮ್ಮ ಊರಿಗೆ ಇದೆಲ್ಲ ಯಾಕೆ ಸಾರ್?" ಎಂದು ನೀವು ಕೇಳಬಹುದು. ಅರಿಜೋನಾದಲ್ಲೇ ಇನ್ನೊಂದು ಸಲ ಯಂತ್ರದ ಬದಲು ಒಬ್ಬ ಚಾಲಕನಿಗೆ ಸರಿಯಾದ ವೇಗವನ್ನು ಹೇಳಿಕೊಟ್ಟರು. ಆತನಿಂದಲೂ ಜಾಮ್ ಕರಗಿತು. ಅಂದರೆ ಚಾಲಕರ ಕೆಲಸ ಕಳೆಯದೆಯೂ ಇದನ್ನು ಸಾಧಿಸಬಹುದು.

ಹಾಗಾದರೆ ನಮ್ಮಲ್ಲಿ ಇದು ಯಾರಿಂದ ಶುರುವಾಗಬೇಕು? ದುಬಾರಿ ಕಾರುಗಳಿಂದ ಅಲ್ಲ, ಬಸ್ಸು ಮತ್ತು ಆಂಬುಲೆನ್ಸುಗಳಿಂದ ಎಂಬುದು ನಮ್ಮ ಅಭಿಪ್ರಾಯ. ಒಂದು ಬಸ್ಸಿನಲ್ಲಿ ಐವತ್ತು ಮಂದಿ ಇರುತ್ತಾರೆ. ಕಾಯಿಲೆ ಜೋರಾದರೆ ನಮ್ಮವರು ಓಡುವುದು ಮಂಗಳೂರಿನ ಆಸ್ಪತ್ರೆಗಳಿಗೆ. ಆಂಬುಲೆನ್ಸ್ ಬರುವ ಸುದ್ದಿ ಸಿಗ್ನಲ್ಲಿಗೂ ಮುಂದಿನ ಗಾಡಿಗಳಿಗೂ ಮೊದಲೇ ಸಿಕ್ಕಿದರೆ ಉಳಿಯುವ ಐದು ನಿಮಿಷದ ಬೆಲೆ ಎಷ್ಟೆಂದು ಇಲ್ಲಿನ ಯಾವ ಮನೆಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಗಾಡಿಗಳು ತಮ್ಮೊಳಗೆ ಮಾತಾಡಿಕೊಂಡು ನಿಲ್ಲದೆ ಹರಿಯತೊಡಗಿದರೆ ರಸ್ತೆ ದಾಟುವ ಮಗುವಿಗೆ ಸಂದು ಎಲ್ಲಿ ಸಿಗಬೇಕು? ಮಗುವಿನ ಬ್ಯಾಗಿನಲ್ಲಿ ಸಂದೇಶ ಕಳಿಸುವ ಯಂತ್ರ ಇರುವುದಿಲ್ಲವಲ್ಲ! ಶಾಲೆ ಇರುವಲ್ಲಿ ಅಂಡರ್‌ಪಾಸೋ ಮೇಲ್ಸೇತುವೆಯೋ ಮೊದಲು ಬರಲಿ, ಗಾಡಿಗಳ ಜಾಣತನ ಆಮೇಲೆ ಬರಲಿ. ರಸ್ತೆಯ ಯೋಜನೆ ಹಾಕುವವರಿಗೆ ಇದನ್ನು ಹೇಳಬೇಕಾದವರು ನಾವೇ, ಪಿಟಿಎ ಸಭೆಗಳಲ್ಲಿ, ಪಂಚಾಯತ್ ಗ್ರಾಮಸಭೆಗಳಲ್ಲಿ.

ನೀವೇನಂತೀರಿ?