ಮೊಣಕಾಲಿನ ತೇಪೆ, ಅದರ ಕೆಳಗಿನ ಎಲುಬು

ಕಳೆದ ಶುಕ್ರವಾರ ಸಂಜೆ ಹಿಂಜವಡಿಯ ಟ್ರಾಫಿಕ್‌ನಲ್ಲಿ ಕ್ಯಾಬ್ ನಿಂತಿತ್ತು. ಆಗಲೇ ಎಂಆರ್‌ಐ ರಿಪೋರ್ಟು ಮೊಬೈಲಿಗೆ ಬಂತು. ಮೊದಲ ಸಾಲು ಓದಿ ಖುಷಿಯಾಯಿತು: ರಿಪೇರಿ ಮಾಡಿದ ಜಾಗ ಚೆನ್ನಾಗಿ ತುಂಬಿಕೊಂಡಿದೆ. ಎರಡನೆಯ ಸಾಲಿಗೆ ಖುಷಿ ಇಳಿಯಿತು. ಅದರ ಕೆಳಗಿನ ಎಲುಬು ಮೇಲಕ್ಕೆ ಉಬ್ಬಿದೆ, ಪಕ್ಕದಲ್ಲಿ ಒಂದು ಸಣ್ಣ ಸಿಸ್ಟ್ ಇದೆ, ಮಜ್ಜೆಯಲ್ಲಿ ಇನ್ನೂ ಊತ ಕಾಣುತ್ತಿದೆ.

ಎರಡು ವರ್ಷದ ಹಿಂದೆ ಬ್ಯಾಡ್ಮಿಂಟನ್ ಆಡುವಾಗ ಮೊಣಕಾಲು ತಿರುಚಿತ್ತು. ತೊಡೆಮೂಳೆಯ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಾರ್ಟಿಲೇಜ್ ಕಿತ್ತುಹೋಗಿದೆ ಎಂದರು. ಮೈಕ್ರೋಫ್ರ್ಯಾಕ್ಚರ್ ಮಾಡಿಸಿಕೊಂಡೆ. ಆರು ವಾರ ಕಾಲು ಊರದೆ ಊರುಗೋಲಿನಲ್ಲೇ ಓಡಾಟ, ಮನೆಯಿಂದಲೇ ಸ್ಟ್ಯಾಂಡಪ್ ಮೀಟಿಂಗು. (ಸ್ಟ್ಯಾಂಡಪ್ ಅನ್ನುವ ಹೆಸರಿಗೆ ಟೀಮಿನವರು ನಕ್ಕಿದ್ದು ಇನ್ನೂ ನೆನಪಿದೆ.) ಆಗ ಎಲ್ಲರೂ ಮಾತಾಡಿದ್ದು ಕಾರ್ಟಿಲೇಜ್ ಬಗ್ಗೆ. ಎಲುಬಿನ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ವಾರವಿಡೀ ಅದನ್ನೇ ಓದಿದೆ. ಕಾರ್ಟಿಲೇಜಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತ ಬಾರದ ಕಡೆ ಗಾಯ ಮಾಯುವುದು ಹೇಗೆ? ಲಂಡನ್ನಿನ ವಿಲಿಯಂ ಹಂಟರ್ 1743ರಲ್ಲೇ ಬರೆದಿಟ್ಟಿದ್ದ, ಇದು ಒಮ್ಮೆ ಹಾಳಾದರೆ ಮತ್ತೆ ಸರಿಹೋಗದು ಎಂದು. 1959ರಲ್ಲಿ ಬ್ರಿಸ್ಟಲ್‌ನ ಪ್ರೈಡಿ ಎಂಬ ಸರ್ಜನ್, ಸವೆದ ಜಾಗದಲ್ಲಿ ಎಲುಬಿಗೇ ತೂತು ಕೊರೆದು ಒಳಗಿನ ರಕ್ತವನ್ನು ಮೇಲೆ ತರುವ ದಾರಿಯನ್ನು ಪ್ರಕಟಿಸಿದ. ಆಮೇಲೆ ಅಮೆರಿಕದ ಸ್ಟೆಡ್‌ಮನ್ ಡ್ರಿಲ್ ಬಿಟ್ಟು ಚೂಪಾದ ದಬ್ಬಳದಂಥ ಉಪಕರಣ ಹಿಡಿದರು. ಮೂರ್ನಾಲ್ಕು ಮಿಲಿಮೀಟರ್‌ಗೊಂದು ತೂತು. ಅದರಿಂದ ಮಜ್ಜೆಯ ರಕ್ತ ಉಕ್ಕಿ ಹೆಪ್ಪುಗಟ್ಟುತ್ತದೆ. ಅದರೊಳಗಿನ ಕಾಂಡಕೋಶಗಳು ಹೊಸ ಅಂಗಾಂಶ ಕಟ್ಟುತ್ತವೆ.

ಕಟ್ಟುತ್ತವೆ ನಿಜ, ಆದರೆ ಹಳೆಯದನ್ನಲ್ಲ. ಮೂಲದಲ್ಲಿ ಇರುವುದು ಹೆಚ್ಚಾಗಿ ಎರಡನೇ ಬಗೆಯ ಕೊಲಾಜೆನ್. ಅದು ನೀರು ಹಿಡಿದಿಟ್ಟುಕೊಂಡು ಭಾರ ಹೊರುತ್ತದೆ. ಹೊಸದರಲ್ಲಿ ಗಾಯದ ಕಲೆಯಲ್ಲಿ ಇರುವಂಥ ಮೊದಲನೇ ಬಗೆಯದೇ ಜಾಸ್ತಿ. ಇದಕ್ಕೆ ಫೈಬ್ರೋಕಾರ್ಟಿಲೇಜ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್‌ಗೆ ಹಾಕಿದ ಹಾಟ್‌ಫಿಕ್ಸ್. ಮೊದಲ ಒಂದೆರಡು ವರ್ಷ ಬಹಳ ಜನರಿಗೆ ಆರಾಮ ಅನ್ನಿಸುತ್ತದೆ, ಆಮೇಲೆ ಹಲವರಲ್ಲಿ ಅದು ಸವೆಯತೊಡಗುತ್ತದೆ.

ಇನ್ನು ಎಲುಬಿನ ಕಥೆ. ಕಾರ್ಟಿಲೇಜಿಗೂ ಎಲುಬಿಗೂ ನಡುವೆ ಸುಣ್ಣ ಕಟ್ಟಿದ ತೆಳ್ಳನೆಯ ಪದರವೊಂದಿದೆ. ಇಬ್ಬರು ಅಣ್ಣತಮ್ಮಂದಿರ ಹೊಲದ ನಡುವಿನ ಬದುವಿನ ಹಾಗೆ. ರಿಪೇರಿ ಮಾಡುವಾಗ ಈ ಪದರವನ್ನು ಕೆರೆಯುತ್ತಾರೆ, ಕೆಳಗಿನ ಎಲುಬಿಗೂ ತೂತು ಹಾಕುತ್ತಾರೆ. ಎಲುಬಿನ ಲೆಕ್ಕದಲ್ಲಿ ಅದೊಂದು ಮುರಿತ, ಮುರಿದ ಎಲುಬು ಬೆಳೆಯುತ್ತದೆ. ತೇಪೆಯ ತಳಭಾಗವೇ ನಿಧಾನಕ್ಕೆ ಎಲುಬಾಗಿ ಮಾರ್ಪಟ್ಟು ಮೇಲೇರುತ್ತದೆ. ಮೇಲಿನ ತೇಪೆ ಅಷ್ಟೇ ತೆಳುವಾಗುತ್ತದೆ. ಕೆರೆಯುವುದು ಆಳವಾದಷ್ಟೂ ಈ ಉಬ್ಬು ಹೆಚ್ಚು ಎಂಬ ಅಭಿಪ್ರಾಯವಿದೆ. ಮಜ್ಜೆಯ ಊತ ಮೊದಲ ಕೆಲವು ತಿಂಗಳು ಕಂಡರೆ ಗಾಬರಿಯಿಲ್ಲ, ಮಾಯುತ್ತಿರುವ ಲಕ್ಷಣ. ಎರಡು ವರ್ಷವಾದರೂ ಇದ್ದು ನೋವೂ ಇದ್ದರೆ ಯೋಚಿಸಬೇಕು.

ನನಗೆ ಚುರುಕ್ ಎಂದದ್ದು ಇನ್ನೊಂದು ವಿಷಯ. ನಮ್ಮದೇ ಜೀವಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಮತ್ತೆ ಕೂರಿಸುವ ಚಿಕಿತ್ಸೆಯೊಂದಿದೆ. ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದ್ದು. ಆದರೆ ಮೊದಲೇ ಎಲುಬಿಗೆ ತೂತು ಹಾಕಿಸಿಕೊಂಡವರಲ್ಲಿ ಅದು ವಿಫಲವಾಗುವುದು ಮೂರು ಪಟ್ಟು ಹೆಚ್ಚು ಎಂದು 2009ರ ಅಮೆರಿಕದ ಅಧ್ಯಯನವೊಂದು ಹೇಳುತ್ತದೆ. ಅಂದರೆ, ಮೊದಲು ಸಣ್ಣದು ಮಾಡೋಣ, ಆಗದಿದ್ದರೆ ದೊಡ್ಡದು ಇದ್ದೇ ಇದೆ ಎಂದು ನಾನು ಹಾಕಿದ ಲೆಕ್ಕ ಅಷ್ಟು ಸರಳವಲ್ಲ. ಸಣ್ಣದಕ್ಕೂ ಬೆಲೆ ತೆತ್ತಾಗಿದೆ. ನಿಮ್ಮಲ್ಲಿ ಯಾರಾದರೂ ಈಗ ಆ ಹೊಸ್ತಿಲಲ್ಲಿ ನಿಂತಿದ್ದರೆ ಡಾಕ್ಟರನ್ನು ಕೇಳಿ: ಇದು ಕೈಕೊಟ್ಟರೆ ಮುಂದೇನು, ಅಷ್ಟರಲ್ಲಿ ನನ್ನ ಎಲುಬು ಹೇಗಿರುತ್ತದೆ?

ಸೋಮವಾರ ಡಾಕ್ಟರ್ ನನ್ನ ಕಾಲು ಮಡಿಸಿ, ಒತ್ತಿ, ಮೆಟ್ಟಿಲು ಹತ್ತಿಸಿ ನೋಡಿದರು. ನೋವಿರುವುದು ಮೆಟ್ಟಿಲು ಇಳಿಯುವಾಗ ಮಾತ್ರ. ಚಿತ್ರಕ್ಕೆ ಆಪರೇಷನ್ ಮಾಡುವುದಿಲ್ಲ, ಮನುಷ್ಯನಿಗೆ ಮಾಡುತ್ತೇವೆ ಎಂದರು. ತೊಡೆಯ ಸ್ನಾಯು ಗಟ್ಟಿ ಮಾಡು, ನಾಲ್ಕು ಕಿಲೋ ಇಳಿಸು, ಆರು ತಿಂಗಳ ನಂತರ ನೋಡೋಣ. ಬ್ಯಾಡ್ಮಿಂಟನ್ ಬಂದ್. ಸಿಂಹಗಡ ಹತ್ತಬಹುದು, ಇಳಿಯುವಾಗ ಜೀಪು ಹಿಡಿ.

ನಿಜವಾದ ಚಿಂತೆ ಧಾರವಾಡದಲ್ಲಿದೆ. ಅವ್ವನ ಎರಡೂ ಮೊಣಕಾಲು ಪೂರ್ತಿ ಸವೆದಿವೆ, ಕೀಲು ಬದಲಿಸಬೇಕೆಂದು ಹೇಳಿ ಮೂರು ವರ್ಷವಾಯಿತು. "ನಿನ್ನ ಕಾಲು ನೆಟ್ಟಗ ಆಗ್ಲಿ ನೋಡೂಣು, ಆಮ್ಯಾಲೆ ನಾನೂ ಮಾಡಿಸ್ಕೊಂತೀನಿ" ಎನ್ನುತ್ತಾ ಕೂತಿದ್ದಾಳೆ. ಅವಳದು ಬೇರೆಯೇ ಆಪರೇಷನ್. ಸವೆದ ತುದಿಯನ್ನೇ ಕತ್ತರಿಸಿ ಲೋಹ, ಪ್ಲಾಸ್ಟಿಕ್ ಕೂರಿಸುತ್ತಾರೆ, ಅಲ್ಲಿ ತೇಪೆಯ ಪ್ರಶ್ನೆಯೇ ಇಲ್ಲ. ಫೋನಿನಲ್ಲಿ ಹೇಳಿದರೆ, "ಮೊದಲ ನಿಂದು ಹೇಳು, ನೂಸ್ತದೋ ಇಲ್ಲೋ?" ಅಂದಳು. ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಮುಂದಿನ ಶನಿವಾರ ಊರಿಗೆ ಹೊರಟಿದ್ದೇನೆ. ಅವ್ವನ ಮನೆಯಲ್ಲಿ ಅಟ್ಟಕ್ಕೆ ಹನ್ನೆರಡು ಮೆಟ್ಟಿಲು. ನಾನು ಇಳಿಯುವುದನ್ನು ಅವಳು ಕೆಳಗೆ ನಿಂತು ನೋಡಿಯೇ ನೋಡುತ್ತಾಳೆ. ರಿಪೋರ್ಟನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೇನೆ.